ಕುಸ್ತಿ ಪಂಚನ ಕಣ್ಣು, ಹಾಲಿನ ಜ್ವರ

೧೯೩೮ರ ಫೆಬ್ರವರಿಯಲ್ಲಿ, ಹಳಿಯಾಳದ ಕುಸ್ತಿ ಕಣದಲ್ಲಿ, ನನ್ನ ಸೋದರಮಾವ ಸೋತವನ ಕೈ ಹಿಡಿದೆತ್ತಿ ಅವನೇ ಗೆದ್ದನೆಂದು ಸಾರಿದ. ಗೆದ್ದವನು ಪಕ್ಕದಲ್ಲೇ ಬಾಯಿ ತೆರೆದುಕೊಂಡು ನಿಂತಿದ್ದ. ಸೋತವನು ಒಂದು ಗಳಿಗೆ ಹಿಂಜರಿದ. ಆಮೇಲೆ ತಾನಾಗಿ ಬಂದದ್ದನ್ನು ಬೇಡವೆನ್ನಬಾರದೆಂದು ಕೈಯನ್ನು ಇನ್ನಷ್ಟು ಮೇಲಕ್ಕೆ ಚಾಚಿದ. ಹಲಗಿ ಬಾರಿಸುವವರು ಬಾರಿಸಬೇಕೋ ಬಿಡಬೇಕೋ ತಿಳಿಯದೆ ಅರ್ಧಕ್ಕೇ ನಿಲ್ಲಿಸಿದರು.

ನಮ್ಮ ಕಡೆಯ ಕುಸ್ತಿಯಲ್ಲಿ ಎದುರಾಳಿಯ ಎರಡೂ ಭುಜ ನೆಲಕ್ಕೆ ತಾಗಿದರೆ ಆಟ ಮುಗಿಯಿತು. ತಾಗಿತೋ ಇಲ್ಲವೋ ಎಂದು ಹೇಳುವವನು ಪಂಚ. ಮಾವ ಹರೆಯದಲ್ಲಿ ಪೈಲವಾನನಾಗಿದ್ದ. ಆಮೇಲೆ ಗರಡಿಮನೆ ಇಟ್ಟುಕೊಂಡು ಹುಡುಗರನ್ನು ತಯಾರು ಮಾಡಿದ, ಊರವರ ಬಾಯಲ್ಲಿ ವಸ್ತಾದನಾದ. ನಲವತ್ತು ದಾಟಿದ ಮೇಲೆ ಪಂಚನಾದ. ಊರಿನ ಹೊರಗೆ ಭತ್ತದ ಗದ್ದೆ ಇತ್ತು, ಎರಡು ಎಮ್ಮೆ ಇದ್ದವು. ಆದರೆ ಅವನ ನಿಜವಾದ ಆಸ್ತಿ ಕಣದ ಅಂಚಿನ ಕಬ್ಬಿಣದ ಕುರ್ಚಿ. ಅದರಲ್ಲಿ ಅವನು ಕೂತರೆ ತಾಲೂಕಿನ ಮಾಮಲೇದಾರರು ಬಂದರೂ ಬೇರೆ ಕುರ್ಚಿ ತರಿಸುತ್ತಿದ್ದರು.

ಆ ದಿನದ ತೀರ್ಪಿನ ಬಗ್ಗೆ ಊರಿನಲ್ಲಿ ಒಂದೇ ಅಭಿಪ್ರಾಯ: ವಸ್ತಾದರು ತಿಂದಿದ್ದಾರೆ. ಎಷ್ಟು, ಯಾರ ಕೈಯಿಂದ ಎಂಬುದರಲ್ಲಿ ಮಾತ್ರ ಒಮ್ಮತವಿರಲಿಲ್ಲ. ನಾನು ಆಗ ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಹಳಿಯಾಳದ ಸುದ್ದಿ ಕಳಿಸುತ್ತಿದ್ದೆ. 'ಕೊನೆಯ ಜೋಡಿಯ ತೀರ್ಪು ವಿವಾದಕ್ಕೆ ಒಳಗಾಯಿತು' ಎಂದು ಒಂದು ಸಾಲು ಬರೆದು, ಆ ರಾತ್ರಿ ಊಟಕ್ಕೆ ಮಾವನ ಮನೆಗೇ ಹೋದೆ. ಮಾವ ಚಟ್ನಿಯ ಬಟ್ಟಲನ್ನು ತಂಬಿಗೆಯೆಂದು ತಿಳಿದು ಎತ್ತಿ ಬಾಯಿಗೆ ಹಿಡಿದಾಗ ನನಗೆ ಸುದ್ದಿ ಬೇರೆಯೇ ಇದೆಯೆಂದು ಅರ್ಥವಾಯಿತು.

ಅತ್ತೆಗೆ ಅದು ಮೊದಲೇ ಗೊತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಮಾವನಿಗೆ ತಲೆನೋವು, ಕುತ್ತಿಗೆ ಬಿಗಿತ, ಕಿವಿಯಲ್ಲಿ ಜೀರುಂಡೆಯ ಸದ್ದು ಶುರುವಾಗಿತ್ತಂತೆ. ಆಮೇಲೆ ತಲೆಗೂದಲು ಮುಟ್ಟಿದರೆ ನೋಯತೊಡಗಿತು. ರುಮಾಲು ಸುತ್ತಿಕೊಳ್ಳಲಾಗದೆ ಬರಿತಲೆಯಲ್ಲಿ ತಿರುಗಿದ. ಕಂಡವರು ಹತ್ತಿರದವರು ಯಾರು ತೀರಿದರೆಂದು ಕೇಳಿದರು. ಅದರ ಹಿಂದೆಯೇ ಎರಡೂ ಕಣ್ಣು ಕೆಂಪಾದವು. ಬೆಳಕು ಕಂಡರೆ ಸೂಜಿ ಚುಚ್ಚಿದಂತಾಗುತ್ತಿತ್ತು. ಎದುರಿನದೆಲ್ಲ ಕೆರೆಯ ನೀರೊಳಗಿಂದ ನೋಡಿದಂತೆ ಅಲುಗಾಡುತ್ತಿತ್ತು.

ಅತ್ತೆ ತನಗೆ ತಿಳಿದದ್ದನ್ನೆಲ್ಲ ಮಾಡಿದ್ದಳು. ನಂದಿಬಟ್ಟಲ ಹೂವನ್ನು ಕಣ್ಣಿನ ಮೇಲಿಟ್ಟು ಕಟ್ಟಿದಳು. ಹಿಂದಿನ ಓಣಿಯ ಬಾಣಂತಿಯ ಮನೆಗೆ ಹೋಗಿ ಮೊಲೆಹಾಲು ಬೇಡಿ ತಂದು ಹನಿ ಹಾಕಿದಳು. ಕಣದಲ್ಲಿ ಯಾರದೋ ದೃಷ್ಟಿ ತಾಗಿದೆಯೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮಾವ ಹಿತ್ತಲಿಗೆ ಓಡುವಾಗ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡ. ಘಾಟು ಬಂದದ್ದರಿಂದ ದೃಷ್ಟಿ ಇರಲಿಲ್ಲವೆಂದು ಸಾಬೀತಾಯಿತು, ಹಣೆಗೆ ಅರಿಶಿನ ಹಚ್ಚುವ ಕೆಲಸ ಹೆಚ್ಚಾಯಿತು.

"ಕಣ್ಣ ಕಾಣಂಗಿಲ್ಲ ಅಂತ ಯಾಕ ಹೇಳಲಿಲ್ಲ ಮಾಮಾ?" ಎಂದು ಕೇಳಿದೆ.

"ಹೇಳಿದ್ರ ಕುರ್ಚಿ ಹೊಕ್ಕೈತಿ," ಎಂದ. "ತಿಂದಾನಂದ್ರ ನಾಕ ದಿವಸ ಬೈತಾರ, ಆಮ್ಯಾಲ ಮರೀತಾರ. ಕುರುಡ ಅಂದ್ರ ಮುಗೀತು, ನಾಳಿಂದ ಕೈ ಹಿಡದು ರಸ್ತೆ ದಾಟಸ್ತಾರ."

ಆ ವರ್ಷದ ಹಂಗಾಮಿನಲ್ಲಿ ಇನ್ನೂ ಕುಸ್ತಿಗಳಿದ್ದವು. ಕಣ್ಣಿನ ಬದಲಿಗೆ ಮಾವ ಒಂದು ಉಪಾಯ ಹುಡುಕಿದ. ಅವನಿಗೆ ದಾಂಡೇಲಿಯಲ್ಲಿ ಒಬ್ಬ ಗೆಳೆಯನಿದ್ದ, ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ಮಿಸ್ತ್ರಿ. ಹರೆಯದಲ್ಲಿ ಇಬ್ಬರೂ ಮೌಳಂಗಿಯ ಹೊಳೆಯ ಉಸುಕಿನಲ್ಲಿ ಒಬ್ಬರನ್ನೊಬ್ಬರು ಕೆಡವಿದವರು. ಯಾರು ಹೆಚ್ಚು ಸಲ ಕೆಡವಿದರೆಂಬ ಲೆಕ್ಕ ಇನ್ನೂ ತೀರಿರಲಿಲ್ಲ. ಮಿಸ್ತ್ರಿ ಕುರ್ಚಿಯ ಹಿಂದೆ ನಿಂತು ಮಾವನ ಕಿವಿಯಲ್ಲಿ ಕುಸ್ತಿ ಹೇಗೆ ನಡೆದಿದೆಯೆಂದು ಪಿಸುಗುಟ್ಟಬೇಕು, ಮಾವ ಅದರಂತೆ ಸಾರಬೇಕು.

ಉಪಾಯದಲ್ಲಿ ಒಂದೇ ಕೊರತೆ. ಮಿಸ್ತ್ರಿ ಹರೆಯದಿಂದಲೂ ದೊಡ್ಡ ಗರಗಸದ ಪಕ್ಕದಲ್ಲಿ ನಿಂತು ದುಡಿದವನು. ಅವನ ಕಿವಿ ಮಂದವಾಗಿತ್ತು, ತನ್ನ ದನಿ ಎಷ್ಟು ದೊಡ್ಡದೆಂದು ಅವನಿಗೇ ತಿಳಿಯುತ್ತಿರಲಿಲ್ಲ. ಪಿಸುಮಾತೆಂದು ಅವನು ಆಡಿದ್ದು ಹೊಳೆಯ ಆಚೆಯ ದಂಡೆಗೂ ಕೇಳುವಂಥದು.

ಮಾರ್ಚಿನ ಒಂದು ಇಳಿಹೊತ್ತು ಜನ ಗಪ್ಪಾಗಿ ಕಾಯುತ್ತಿದ್ದಾಗ ಕುರ್ಚಿಯ ಹಿಂದಿನಿಂದ ದನಿ ಬಂತು: "ದೋಸ್ತ, ಮ್ಯಾಲಿರಾವ ನೀಲಿ ಲಂಗೋಟಿ. ಕೆಳಗಿನವನ ಒಂದ ಭುಜ ಹತ್ತೈತಿ, ಇನ್ನೊಂದ ಹತ್ತಿಲ್ಲ. ನೀ ಎಡಕ್ಕ ನೋಡಾಕತ್ತಿ, ಅವರು ಬಲಕ್ಕ ಅದಾರ. ಸ್ವಲ್ಪ ಮಾರಿ ಹೊಳ್ಳಸು."

ಮಾವ ಮಾರಿ ಹೊರಳಿಸಿದ. ಇಡೀ ಕಣ ಅವನತ್ತ ಹೊರಳಿತು. ಸೆಣಸುತ್ತಿದ್ದ ಇಬ್ಬರೂ ಪೈಲವಾನರು ಪಟ್ಟು ಸಡಿಲಿಸಿ ತಲೆ ಎತ್ತಿ ನೋಡಿದರು. ಯಾರೋ ಹಿಂದಿನಿಂದ, ತೀರ್ಪು ಮಿಸ್ತ್ರಿಗಳೇ ಕೊಡಲಿ, ವಸ್ತಾದರು ಬೇಕಾದರೆ ಗರಗಸ ನೋಡಿಕೊಳ್ಳಲಿ ಎಂದರು. ಏನಾಯಿತೆಂದು ಮಿಸ್ತ್ರಿಗೆ ತಿಳಿಯಲಿಲ್ಲ. ಜನ ನಕ್ಕದ್ದು ಕಂಡು ತಾನೂ ನಕ್ಕ.

ಕಣದ ಹಿರಿಯರು ಅಂದೇ ಸಂಜೆ ಮನೆಗೆ ಬಂದರು. ಲಂಚದ ಆರೋಪವನ್ನು ಹಿಂದಕ್ಕೆ ತೆಗೆದುಕೊಂಡರು, ಅದರ ಜೊತೆಗೆ ಕುರ್ಚಿಯನ್ನೂ. ಮುಂದಿನ ಚಳಿಗಾಲದೊಳಗೆ ಕಣ್ಣು ಬಂದರೆ ಕುರ್ಚಿ ನಿಮ್ಮದೇ, ಇಲ್ಲದಿದ್ದರೆ ಮುಂಡಗೋಡದ ಕಡೆಯವರೊಬ್ಬರಿದ್ದಾರೆ, ಸನವಳ್ಳಿಯವರು, ಅವರನ್ನು ಕಾಯಂ ಮಾಡುತ್ತೇವೆ ಎಂದು ಹೇಳಿ ಚಹಾ ಕುಡಿದು ಹೋದರು. ಮಾವ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. "ಸನವಳ್ಳ್ಯಾವಗ ಒಂದ ಪಟ್ಟರ ಬರತೈತೇನ?" ಎಂದ. ಮರುದಿನ ಧಾರವಾಡದ ದವಾಖಾನೆಗೆ ಹೋಗಲು ಒಪ್ಪಿದ.

ದವಾಖಾನೆಯಲ್ಲಿ ಕಣ್ಣು ನೋಡುವ ಡಾಕ್ಟರು ತೆಳ್ಳಗಿನ, ಮಿತಮಾತಿನ ಮನುಷ್ಯ. ಕತ್ತಲೆಯ ಕೋಣೆಯಲ್ಲಿ ಮಾವನನ್ನು ಕೂರಿಸಿ, ಕನ್ನಡಿಯಿಂದ ಬೆಳಕು ಬಿಟ್ಟು ನೋಡಿದರು. ನನಗೂ ತೋರಿಸಿದರು. ಕಣ್ಣಿನ ನಡುವಿನ ಕರಿ ಪಾಪೆ ದುಂಡಗಿರಬೇಕಾದದ್ದು ಅಂಚೆಲ್ಲ ಕಚ್ಚಿ ಹರಿದ ರೊಟ್ಟಿಯಂತಿತ್ತು. ಕಣ್ಣಿನ ಒಳಗಿನ ಪದರಕ್ಕೆ ಉರಿ ಹತ್ತಿದೆ, ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಂಡಿದೆ ಎಂದರು. ಎರಡೂ ಕಣ್ಣಿಗೆ ಒಟ್ಟಿಗೆ, ಮೇಲೆ ಕಿವಿಯ ಸದ್ದು, ತಲೆನೋವು; ಇಂಥದ್ದನ್ನು ತಾವು ನೋಡಿಲ್ಲ ಎಂದೂ ಮುಚ್ಚಿಡದೆ ಹೇಳಿದರು. ಆ ದಿನ ಮಾವನ ಬಲಗಣ್ಣಿಗೆ ಮೊಳದ ದೂರದಲ್ಲಿ ಹಿಡಿದ ಬೆರಳುಗಳು ಎಣಿಸುವಷ್ಟು ಕಾಣುತ್ತಿದ್ದವು. ಎಡಗಣ್ಣಿಗೆ ಕೈ ಆಡಿಸಿದ್ದಷ್ಟೇ ತಿಳಿಯುತ್ತಿತ್ತು.

ಮೊದಲು ಪಾಪೆಯನ್ನು ಅಗಲಿಸುವ ಹನಿ ಹಾಕಿದರು. ಬಿಸಿನೀರಿನ ಅರಿವೆಯ ಶಾಖ, ಕಹಿಯಾದ ಪುಡಿ, ಕರಿ ಕನ್ನಡಕ. ಪಾಪೆ ಅಗಲವಾದ ಮೇಲೆ ಬೆಳಕು ಇನ್ನೂ ಚುಚ್ಚಿತು. ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತ ಮಾವನನ್ನು ನೋಡಲು ಬೇರೆ ವಾರ್ಡಿನ ರೋಗಿಗಳೂ ಬಂದು ಹೋದರು. ಯಾವುದೋ ಸಂಸ್ಥಾನದವರಿರಬೇಕೆಂದು ಮಾತಾಯಿತು.

ನಂತರ ಹಲ್ಲು. ದೇಹದಲ್ಲೆಲ್ಲೋ ಅಡಗಿ ಕೂತ ಕೀವು ಕಣ್ಣಿಗೆ ವಿಷ ಕಳಿಸುತ್ತದೆ ಎಂಬುದು ಆ ಕಾಲದ ವೈದ್ಯರ ನಂಬಿಕೆ, ಹಲ್ಲಿನ ಬುಡ ಅದಕ್ಕೆ ಹೇಳಿಮಾಡಿಸಿದ ಜಾಗ. ಅನುಮಾನ ಬಂದ ದವಡೆ ಹಲ್ಲುಗಳನ್ನೆಲ್ಲ ಕಿತ್ತರು. ಬಾಯಲ್ಲಿ ಹತ್ತಿ ತುಂಬಿಕೊಂಡು ಬಂದ ಮಾವ, ಹತ್ತಿ ತೆಗೆದ ಮೇಲೆ ಆಡಿದ ಮೊದಲ ಮಾತು: "ಕಣ್ಣಿಗಂತ ಬಂದ್ರ ಹಲ್ಲ ತಗೊಂಡ್ರು. ಹೊಟ್ಟಿನೋವಂತ ಯಾರರ ಬಂದ್ರ ಏನ ತಗೀತಾರೊ, ದೇವರಿಗೇ ಗೊತ್ತು." ಕಿತ್ತ ಹಲ್ಲುಗಳಲ್ಲಿ ಕೀವೇನೂ ಇರಲಿಲ್ಲ. ಮಾವ ಅವನ್ನು ಕೇಳಿ ಪಡೆದು ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟುಕೊಂಡ.

ಕಣ್ಣು ಅಷ್ಟಕ್ಕೇ ನಿಂತಿತು. ಆಗ ಡಾಕ್ಟರು ಹಾಲಿನ ಸೂಜಿ ಹಾಕೋಣ ಎಂದರು. ಹಸುವಿನ ಹಾಲನ್ನು ಚೆನ್ನಾಗಿ ಕುದಿಸಿ, ಕೆನೆ ತೆಗೆದು, ಸೊಂಟದ ಕೆಳಗಿನ ಮಾಂಸಕ್ಕೆ ಚುಚ್ಚುವುದು. ಒಂದೆರಡು ದಿನ ಬಿಟ್ಟು ಮತ್ತೊಂದು. ಮಾವ ಚುಚ್ಚುವುದಕ್ಕೆ ಹೆದರಲಿಲ್ಲ. ಕೆನೆ ತೆಗೆಯುವುದು ಅವನಿಗೆ ಅವಮಾನವೆನಿಸಿತು. ಜೀವಮಾನವಿಡೀ ಎಮ್ಮೆಯ ಗಟ್ಟಿ ಹಾಲು ಕುಡಿದ ಮೈಗೆ ಹಸುವಿನ ನೀರುಹಾಲೇ? ತನ್ನ ಎಮ್ಮೆಯದನ್ನು ಬೇಕಾದರೆ ಊರಿನಿಂದ ತರಿಸುತ್ತೇನೆ ಎಂದ. ಡಾಕ್ಟರು ಬೇಡವೆಂದರು. "ಜ್ವರ ಬರತದ, ಹೆದರಬ್ಯಾಡ್ರಿ," ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು.

ಈ ಮಾತನ್ನು ಮಾವನ ಶಿಷ್ಯರೂ ಕೇಳಿಸಿಕೊಂಡರು. ಗರಡಿಮನೆಯ ಹುಡುಗರು ಸರದಿಯ ಮೇಲೆ ಇಬ್ಬಿಬ್ಬರು ಬಂದು ವಸ್ತಾದರ ಸೇವೆಗೆ ನಿಲ್ಲುತ್ತಿದ್ದರು. ಜ್ವರ ಬರುತ್ತದೆ ಎಂದರೆ ಅದು ಚುಚ್ಚಿದ್ದಕ್ಕೆ ತಗಲುವ ಕಾಟ, ಅದನ್ನು ನೋಡಿಕೊಳ್ಳುವ ಹೊಣೆ ತಮ್ಮದು ಎಂದು ಅವರು ತಿಳಿದರು.

ಮೊದಲ ಸೂಜಿಗೆ ಮಾವನಿಗೆ ನಡುಕ ಬಂತು, ಮೈ ಬಿಸಿಯಾಯಿತು, ನಾನು ಖಾನಾವಳಿಗೆ ಹೋಗಿ ಉಂಡು ಬರುವಷ್ಟರಲ್ಲಿ ತಣ್ಣಗಾಗಿತ್ತು. ಎರಡನೆಯದಕ್ಕೂ ಹಾಗೆಯೇ. ಡಾಕ್ಟರು ಹಾಲು ಹೆಚ್ಚಿಸಿದರು. ಜ್ವರ ಏರಲು ಹೊರಟು, ಏನೋ ನೆನಪಾದಂತೆ ಹೊರಳಿ ಹೋಯಿತು. ಡಾಕ್ಟರು ಜ್ವರ ಅಳೆಯುವ ನಳಿಗೆಯನ್ನು ಝಾಡಿಸಿ ನೋಡಿದರು, ಬೇರೆಯದನ್ನು ತರಿಸಿದರು, ಹಾಲು ಬದಲಿಸಿದರು. ಪೈಲವಾನರ ಮೈಯೇ ಬೇರೆ ಇರಬಹುದೇ ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. ಮಾವನ ಎದುರು ಬೆರಳು ಹಿಡಿದರೆ ಮೊಳಕ್ಕಿಂತ ಆಚೆ ಇನ್ನೂ ಕಾಣುತ್ತಿರಲಿಲ್ಲ. ಎಡಗಣ್ಣಿಗೆ ಕೈ ಆಡಿಸಿದ್ದೂ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

ಗುಟ್ಟು ಹೊರಬಿದ್ದದ್ದು ಹಾಸಿಗೆಯಿಂದ. ವಾರ್ಡಿನ ಆಯಾ, ಈ ಮಂಚದ ಚಾದರ ಮಾತ್ರ ಮತ್ತೆ ಮತ್ತೆ ಕೆಂಪಾಗುತ್ತದೆ, ಒಗೆದು ಒಗೆದು ಕೈ ಸೋತಿತು ಎಂದು ಡಾಕ್ಟರ ಮುಂದೆ ತಕರಾರು ಒಯ್ದಳು. ರೋಗಿ ಎಲ್ಲರ ಕಣ್ಣು ತಪ್ಪಿಸಿ ಕುಸ್ತಿಗೆ ಹೋಗಿ ಬರುತ್ತಿದ್ದಾನೆಂದು ಅವಳ ಗುಮಾನಿ. ಸೂಜಿಯಾದ ದಿನ ಮಧ್ಯಾಹ್ನ, ಬರುವ ಹೊತ್ತಲ್ಲದ ಹೊತ್ತಿನಲ್ಲಿ ಡಾಕ್ಟರು ಬಂದು ಕಂಬಳಿ ಎತ್ತಿದರು. ನಾನೂ ಅದೇ ಆಗ ಊಟ ಮುಗಿಸಿ ಒಳಗೆ ಬರುತ್ತಿದ್ದೆ.

ಮಾವ ಶೇಂದೂರ ಬಳಿದ ಹನುಮಪ್ಪನಂತೆ ಮಲಗಿದ್ದ. ಹೊಟ್ಟೆ, ಎದೆ, ಅಂಗಾಲು ಎಲ್ಲ ಒದ್ದೆ ಕೆಂಪುಮಣ್ಣು. ಒಬ್ಬ ಶಿಷ್ಯನ ಕೈಯಲ್ಲಿ ಇನ್ನೊಂದು ಮುದ್ದೆ ಇತ್ತು. ಮತ್ತೊಬ್ಬ ಚೀಲ ಹಿಡಿದು ನಿಂತಿದ್ದ. ವಾರ್ಡಿನ ತುಂಬ ಮಜ್ಜಿಗೆಯ ವಾಸನೆ.

ಕುಸ್ತಿ ಕಣದ ಮಣ್ಣೆಂದರೆ ಬರಿಯ ಮಣ್ಣಲ್ಲ. ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಹದ ಮಾಡಿರುತ್ತಾರೆ. ಗರಡಿಯವರಿಗೆ ಅದೇ ಔಷಧ. ಕೀಲು ತಪ್ಪಿದರೆ ಅದು, ಗಾಯಕ್ಕೆ ಅದು, ಜ್ವರ ಬಂದರೆ ಮೈಗೆಲ್ಲ ಅದು. ಧಾರವಾಡದಲ್ಲೂ ಗರಡಿಗಳಿದ್ದವು, ಆದರೆ ಬೇರೆ ಊರಿನ ಮಣ್ಣು ವಸ್ತಾದರ ಮೈಗೆ ಒಗ್ಗೀತೇ ಎಂದು ಹುಡುಗರು ಪ್ರತಿ ಸರದಿಗೂ ಹಳಿಯಾಳದಿಂದ ಚೀಲ ಹೊತ್ತು ಬಸ್ಸಿನಲ್ಲಿ ತರುತ್ತಿದ್ದರು. ಜ್ವರ ಏರುವುದನ್ನು ಕಾಯುವುದು, ಏರಿದ ಕೂಡಲೇ ಮಣ್ಣು ಮೆತ್ತಿ ಇಳಿಸುವುದು. ಅದರಲ್ಲಿ ಅವರು ಒಮ್ಮೆಯೂ ಸೋತಿರಲಿಲ್ಲ.

ಡಾಕ್ಟರು ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

"ಹಾಲು ಔಷಧ ಅಲ್ಲ," ಎಂದರು. "ಜ್ವರ ಔಷಧ. ಜ್ವರ ಬರಲಿ ಅಂತನ ಹಾಲು ಹಾಕೋದು. ಆ ಬಿಸಿಗೆ ಕಣ್ಣಿನ ಉರಿ ಇಳೀಬೇಕು. ನಾ ಒಲಿ ಹಚ್ಚತೇನಿ, ನೀವು ನೀರ ಸುರೀತೀರಿ."

ಮುದ್ದೆ ಹಿಡಿದವನು ಕೈ ಹಿಂದಕ್ಕೆ ತೆಗೆದುಕೊಂಡ. "ಜ್ವರ ಬರತದ ಅಂದ್ರಿ. ಇಳಸಬ್ಯಾಡ್ರಿ ಅಂತ ಹೇಳಲಿಲ್ರಿ ನೀವು," ಎಂದ.

ಡಾಕ್ಟರು ಹೌದು ಎಂದು ಒಪ್ಪಿಕೊಂಡರು.

ಮಾವನನ್ನು ತೊಳೆದರು. ತೊಳೆದದ್ದು ಆಯಾ, ಅವಳು ಆಡಿದ ಮಾತುಗಳನ್ನು ಯಾವ ಪತ್ರಿಕೆಯೂ ಅಚ್ಚು ಹಾಕಲಾರದು. ಇನ್ನು ಮಣ್ಣು ಒಳಗೆ ಬರದಂತೆ ಬಾಗಿಲಿಗೆ ಒಬ್ಬ ಕಾವಲು ಬೇಕಾಯಿತು. ನಾನು ಶಿಷ್ಯರ ಮುಂದೆ ನಿಲ್ಲುವಂಥವನಲ್ಲ, ಅವರು ಒಂದು ಕೈಯಲ್ಲಿ ನನ್ನನ್ನು ಎತ್ತಿ ಪಕ್ಕಕ್ಕಿಡಬಲ್ಲರು. ದಾಂಡೇಲಿಗೆ ಹೇಳಿ ಕಳಿಸಿದೆ. ಮಿಸ್ತ್ರಿ ರಜೆ ಹಾಕಿ ಬಂದ. ಬಾಗಿಲಲ್ಲಿ ಕಂಬಳಿ ಹಾಸಿಕೊಂಡು ಕೂತ. ಅವನಿಗಿಂತ ಒಳ್ಳೆಯ ಕಾವಲುಗಾರ ಸಿಗುವಂತಿರಲಿಲ್ಲ. ಶಿಷ್ಯರು ಬಂದು ಅಂಗಲಾಚಿದರು, ವಸ್ತಾದರು ಒಳಗೆ ನಡುಗುತ್ತಿದ್ದಾರೆ, ಅಂಗಾಲಿಗಷ್ಟೇ ಹಚ್ಚುತ್ತೇವೆ, ಒಂದೇ ಹಿಡಿ ಎಂದರು, ಅತ್ತೆ ಕಳಿಸಿದ ಕಷಾಯವನ್ನಾದರೂ ಕೊಡಗೊಡಿ ಎಂದರು. ಮಿಸ್ತ್ರಿಗೆ ಅದರಲ್ಲಿ ಒಂದಕ್ಷರವೂ ಕೇಳಲಿಲ್ಲ. ಎಲ್ಲದಕ್ಕೂ ತಲೆ ಆಡಿಸಿ, ಯಾರನ್ನೂ ಬಿಡಲಿಲ್ಲ. ಕಷಾಯವನ್ನು ಮಾತ್ರ ತಾನು ಕುಡಿದ.

ಆ ಸಲ ಜ್ವರ ನಿಜವಾಗಿ ಏರಿತು. ಮಂಚದ ಕಾಲು ಟಕಟಕ ಸದ್ದು ಮಾಡುವಷ್ಟು ನಡುಕ. ಇಳಿಹೊತ್ತಿಗೆ ಮಾವ ಬಡಬಡಿಸತೊಡಗಿದ. ಹಳೆಯ ಕುಸ್ತಿಗಳ ತೀರ್ಪುಗಳನ್ನೆಲ್ಲ ಮತ್ತೆ ಕೊಟ್ಟ, ಕೆಲವನ್ನು ತಿರುಗಿಸಿದ. ಸನವಳ್ಳಿಯವರ ಬಗ್ಗೆಯೂ ಒಂದು ತೀರ್ಪು ಕೊಟ್ಟ, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಮಂಚದ ರೋಗಿ ಪ್ರತಿ ತೀರ್ಪಿಗೂ ಚಪ್ಪಾಳೆ ತಟ್ಟಿದ. ಬೆಳಗಿನ ಹೊತ್ತಿಗೆ ಜ್ವರ ತಾನಾಗಿ ಬಿಟ್ಟಿತು.

ಹೀಗೆ ಇನ್ನೂ ಕೆಲವು ಸೂಜಿಗಳಾದವು. ಕಣ್ಣಿನ ಕೆಂಪು ಇಳಿಯಿತು. ಬೆಳಕಿನ ಚುಚ್ಚು ಕಡಿಮೆಯಾಯಿತು. ಡಾಕ್ಟರು ಬೆರಳು ಹಿಡಿದು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮೊದಲು ಮಂಚದ ಕಾಲ ಬಳಿ, ಆಮೇಲೆ ಕಿಟಕಿಯ ಬಳಿ. ಒಂದು ಬೆಳಿಗ್ಗೆ ಮಾವ ಎದ್ದು ಕೂತು ಬಾಗಿಲ ಕಡೆ ನೋಡಿದ.

"ಮಿಸ್ತ್ರಿ, ಮೀಸಿ ಯಾವಾಗ ಬಿಳೇದಾತು ನಿಂದು?"

ಮಿಸ್ತ್ರಿಗೆ ಅದೂ ಕೇಳಲಿಲ್ಲ. ನಾನು ಹತ್ತಿರ ಹೋಗಿ ಕೂಗಿ ಹೇಳಿದೆ. ಅವನು ಮೀಸೆ ಮುಟ್ಟಿಕೊಂಡು ಎದ್ದು ಹೊರಗೆ ಹೋದ, ಸ್ವಲ್ಪ ಹೊತ್ತು ಬರಲಿಲ್ಲ.

ಮನೆಗೆ ಬಂದಾಗ ಮೃಗಶಿರಾ ಮಳೆ ಹಿಡಿದಿತ್ತು. ಬಲಗಣ್ಣಿಗೆ ಹೊಲದ ಬದುವಿನ ತನಕ ಕಾಣುತ್ತಿತ್ತು. ಎಡಗಣ್ಣು ಮನುಷ್ಯರ ಆಕಾರ ಹಿಡಿಯುತ್ತಿತ್ತು, ಮುಖ ಹಿಡಿಯುತ್ತಿರಲಿಲ್ಲ. ಚಳಿಗಾಲಕ್ಕೆ ಇನ್ನೂ ದಿನಗಳಿದ್ದವು. ಮಾವ ಹಿತ್ತಲಿನಲ್ಲಿ ಹುಂಜಗಳನ್ನು ಕಾದಾಡಲು ಬಿಟ್ಟು ಯಾವುದು ಸೋತಿತೆಂದು ಹೇಳುವ ಅಭ್ಯಾಸ ಮಾಡಿದ. ಹುಂಜಗಳಿಗೆ ಭುಜವಿಲ್ಲವಲ್ಲ ಎಂದು ಅತ್ತೆ ಆಕ್ಷೇಪ ಎತ್ತಿದಳು.

ಶ್ರಾವಣದ ಹೊತ್ತಿಗೆ ಹೊಸ ಸಂಗತಿ ಕಾಣಿಸಿತು. ಎರಡೂ ಕಣ್ಣಿನ ರೆಪ್ಪೆಗೂದಲು ಬುಡದಿಂದ ತುದಿಯ ತನಕ ಬೆಳ್ಳಗಾದವು. ಒಂದು ಹುಬ್ಬು ಅರ್ಧಕ್ಕೆ ಬಿಳಿಯಾಯಿತು. ಹಿಂದಲೆಯಲ್ಲಿ ಕೂದಲು ಹಿಡಿ ಹಿಡಿಯಾಗಿ ಉದುರಿತು, ಕಿವಿಯ ಕೆಳಗೆ ಬಿಳಿ ಮಚ್ಚೆ ಮೂಡಿತು. ನೋಡಿದವರು ತೊನ್ನು ಎಂದರು. ಕೆಲವರು ಹಾಲಿನ ಸೂಜಿಯ ಹಾಲು ಮೇಲಕ್ಕೆ ಏರಿ ರೆಪ್ಪೆಯಲ್ಲಿ ಹೊರಬಂದಿದೆ ಎಂದರು. ಈ ಎರಡನೆಯ ವಾದಕ್ಕೆ ಊರಿನಲ್ಲಿ ಬೆಂಬಲ ಹೆಚ್ಚು. ಎಮ್ಮೆಯ ಹಾಲಾಗಿದ್ದರೆ ಇನ್ನೆಷ್ಟು ಬೆಳ್ಳಗಾಗುತ್ತಿತ್ತೋ ಎಂದು ಲೆಕ್ಕ ಹಾಕಿದವರೂ ಇದ್ದರು.

ಮತ್ತೆ ಧಾರವಾಡ. ಡಾಕ್ಟರು ರೆಪ್ಪೆ ನೋಡಿದ್ದೇ ಎದ್ದು ಹೋಗಿ ಒಂದು ದಪ್ಪ ಪುಸ್ತಕ ತಂದರು. ಈಗ ಗೊತ್ತಾಯಿತು ಎಂದರು. ಮೊದಲು ತಲೆನೋವು ಮತ್ತು ಕಿವಿಯ ಸದ್ದು, ಆಮೇಲೆ ಎರಡೂ ಕಣ್ಣಿನ ಒಳಗಿನ ಉರಿ, ಉರಿ ಇಳಿದ ಮೇಲೆ ಬಿಳಿ ರೆಪ್ಪೆ ಮತ್ತು ಮಚ್ಚೆ: ಇದೇ ಕ್ರಮದಲ್ಲಿ ಬರುವ ಅಪರೂಪದ ರೋಗವೊಂದಿದೆ. ಅದನ್ನು ವಿವರಿಸಿದವರು ಸ್ವಿಟ್ಜರ್ಲೆಂಡಿನ ಒಬ್ಬ ವೈದ್ಯರು, ಜಪಾನಿನ ಇಬ್ಬರು. ಅಂಟುರೋಗವಲ್ಲ. ಬಿಳಿಯಾದದ್ದು ಕಪ್ಪಾಗುವ ಭರವಸೆ ಇಲ್ಲ. ಉರಿ ಮತ್ತೆ ಬರಬಹುದು, ಕಣ್ಣಿಗೆ ಪೊರೆಯೂ ಬರಬಹುದು, ಹನಿ ನಿಲ್ಲಿಸಬೇಡಿ. ಹಾಲಿನಿಂದ ವಾಸಿಯಾಯಿತೋ ತಾನಾಗಿ ಇಳಿಯಿತೋ ಎಂದು ನಾನು ಕೇಳಿದೆ. ಖಚಿತವಾಗಿ ಹೇಳಲಾರೆ ಎಂದರು.

ಮಾವ ಬಸ್ಸಿನಲ್ಲಿ ಅಳ್ನಾವರದ ತನಕ ರೆಪ್ಪೆ ಮುಟ್ಟಿಕೊಳ್ಳುತ್ತಲೇ ಇದ್ದ. ಆಮೇಲೆ ಕೇಳಿದ: "ಜಪಾನದಾಗೂ ಕುಸ್ತಿ ಆಡ್ತಾರಂತಲ್ಲ?"

ಆಡುತ್ತಾರೆ ಎಂದೆ. ಸಮಾಧಾನವಾದಂತೆ ಕಂಡಿತು. ಊರಿಗೆ ಬಂದ ಮೇಲೆ, ಬಿಳಿ ರೆಪ್ಪೆ ಏನೆಂದು ಕೇಳಿದವರಿಗೆಲ್ಲ ಇದು ಜಪಾನದ ಪೈಲವಾನರಿಗೆ ಬರುವಂಥದು ಎಂದು ಹೇಳುತ್ತಿದ್ದ. ಡಾಕ್ಟರು ಹಾಗೆ ಹೇಳಿರಲಿಲ್ಲ.

೧೯೩೯ರ ಜನವರಿಯಲ್ಲಿ ಹಂಗಾಮಿನ ಮೊದಲ ಕುಸ್ತಿ. ಹಿರಿಯರು ಒಂದು ದಾರಿ ಹುಡುಕಿದ್ದರು: ಕಬ್ಬಿಣದ ಕುರ್ಚಿಯ ಎದುರಿಗೆ ಇನ್ನೊಂದು ಕುರ್ಚಿ, ಅದರಲ್ಲಿ ಸನವಳ್ಳಿಯವರು. ಕೊನೆಯ ಜೋಡಿಯ ತೀರ್ಪನ್ನು ಇಬ್ಬರೂ ಕೊಡಬೇಕು. ಮಾವನ ಕಣ್ಣು ತಪ್ಪಿತೆಂದು ಕಂಡರೆ ಅವನು ಎದ್ದು ಹೋಗಬೇಕು, ಮತ್ತೆ ಕೂರಬಾರದು. ಕುರ್ಚಿಯ ಹಿಂದೆ ಯಾರೂ ನಿಲ್ಲಬಾರದೆಂದೂ ಕರಾರು. ಮಿಸ್ತ್ರಿಯನ್ನು ಕಣದ ಆಚೆ ತುದಿಯಲ್ಲಿ ಕೂರಿಸಿದರು.

ಬಿಳಿ ರೆಪ್ಪೆಯಲ್ಲಿ ಜನರ ಮುಂದೆ ಕೂರುವುದು ಬೇಡವೆಂದು ಅತ್ತೆ ರೆಪ್ಪೆಗೂ ಹುಬ್ಬಿಗೂ ಕಾಡಿಗೆ ತೀಡಿ ಕಳಿಸಿದ್ದಳು. ಮಾವ ಕುರ್ಚಿಗೆ ಬಂದು ಕೂತಾಗ, ವಸ್ತಾದರಿಗೆ ಮದುವೆ ಯಾವಾಗ ಎಂದು ಒಂದು ಮೂಲೆಯಿಂದ ಕೇಳಿದರು. ಬಿಸಿಲಿಗೆ ಬೆವರು ಇಳಿಯಿತು, ಕಾಡಿಗೆಯೂ ಇಳಿಯಿತು. ಕಪ್ಪು ನೀರು ಗಲ್ಲದ ಮೇಲೆ ಹರಿಯುತ್ತಿದ್ದರೂ ಅವನು ಒರೆಸಿಕೊಳ್ಳಲಿಲ್ಲ. ಮುಖವನ್ನು ಒಂದಿಷ್ಟು ಎಡಕ್ಕೆ ತಿರುಗಿಸಿ ಬಲಗಣ್ಣನ್ನು ಕಣಕ್ಕೆ ಕೊಟ್ಟಿದ್ದ.

ಕೊನೆಯ ಜೋಡಿಯಲ್ಲಿ ಒಬ್ಬ ಮಾವನ ಶಿಷ್ಯ, ದವಾಖಾನೆಯಲ್ಲಿ ಮುದ್ದೆ ಹಿಡಿದು ನಿಂತಿದ್ದವನೇ. ಇನ್ನೊಬ್ಬ ಮುಂಡಗೋಡದವನು. ಬಹಳ ಹೊತ್ತು ಹಿಡಿದಾಡಿ ಶಿಷ್ಯ ಎದುರಾಳಿಯನ್ನು ಅಡಿಗೆ ಹಾಕಿದ. ಧೂಳೆದ್ದಿತು. ಜನ ಕುಣಿದರು, ಹಲಗಿ ಮೊಳಗಿತು, ಎದುರಿನ ಕುರ್ಚಿಯಿಂದ ಸನವಳ್ಳಿಯವರು ಎದ್ದು ಬಂದು ಶಿಷ್ಯನ ಕೈ ಎತ್ತಿದರು. ತಮ್ಮ ಕಡೆಯವನೇ ಸೋತನೆಂದು ಸಾರಲು ಅವರು ಹಿಂದೆಮುಂದೆ ನೋಡಲಿಲ್ಲ. ಇದನ್ನು ಅವರ ಪರವಾಗಿ ದಾಖಲಿಸಬೇಕು.

ಮಾವ ಕೂತಲ್ಲಿಂದಲೇ ಹೇಳಿದ: "ಎಡಭುಜ ನೆಲಕ್ಕ ಹತ್ತಿಲ್ಲ. ಕುಸ್ತಿ ನಡೀಲಿ."

ಗದ್ದಲವೆದ್ದಿತು. ಕಣ್ಣು ಬಂದಿಲ್ಲ, ಕರೆದುಕೊಂಡು ಹೋಗಿ ಎಂದು ಕೂಗಿದರು. ಹಿರಿಯರಲ್ಲೊಬ್ಬರು ಕುರ್ಚಿಯ ಹತ್ತಿರ ಬಂದು ಮೆಲ್ಲಗೆ, ಏಳಿರಿ ವಸ್ತಾದರ, ಮರ್ಯಾದೆಯಿಂದ ಹೋಗೂಣು ಎಂದರು. ಮಾವ ಅವರ ಕಡೆ ತಿರುಗಲೂ ಇಲ್ಲ.

"ನಿನ್ನ ಕೈ ಎಲ್ಲಿತ್ತೊ ತಮ್ಮಾ?" ಎಂದು ಶಿಷ್ಯನನ್ನು ಕೇಳಿದ.

ಶಿಷ್ಯ ಸನವಳ್ಳಿಯವರು ಎತ್ತಿ ಹಿಡಿದಿದ್ದ ತನ್ನ ಕೈ ನೋಡಿದ. ಜನರನ್ನು ನೋಡಿದ.

"ಅವನ ಭುಜದ ಬುಡಕ ಸಿಕ್ಕೊಂಡಿತ್ರೀ," ಎಂದ. "ಹತ್ತಿಲ್ರೀ."

ಸನವಳ್ಳಿಯವರು ಕೈ ಬಿಟ್ಟರು. ಮಾವನ ಕಡೆ ನೋಡಿ ತಲೆಬಾಗಿ, ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಜನರ ಸಾಲಿನಲ್ಲಿ ಹಾಕಿಕೊಂಡರು. ಕುಸ್ತಿ ಮತ್ತೆ ನಡೆಯಿತು. ಈ ಸಲ ಮುಂಡಗೋಡದವನು ಮಾವನ ಶಿಷ್ಯನನ್ನು ಎರಡೂ ಭುಜ ಊರಿಸಿ ಕೆಡವಿದ. ಯಾರಿಗೂ ಅನುಮಾನವಿರಲಿಲ್ಲ. ಮಾವ ಎದ್ದು ಹೋಗಿ ಗೆದ್ದವನ ಕೈಯನ್ನೇ ಎತ್ತಿದ.

ಮನೆಗೆ ಹೋಗುವ ದಾರಿಯಲ್ಲಿ ನನ್ನ ಮುಂದೆ ನಡೆಯುತ್ತಿದ್ದ ಇಬ್ಬರು ಮಾತಾಡಿಕೊಂಡದ್ದು: "ಕಣ್ಣ ಇಲ್ಲದಾಗನ ಚೊಲೊ ಇತ್ತಪಾ. ಆವಾಗರ ಒಮ್ಮೊಮ್ಮೆ ನಮ್ಮವರು ಗೆಲ್ತಿದ್ರು."

೧೯೪೧ರಲ್ಲಿ ಉರಿ ಮತ್ತೆ ಬಂತು. ಮತ್ತೆ ಹಾಲಿನ ಸೂಜಿಯಾಯಿತು, ಬಲಗಣ್ಣು ಉಳಿಯಿತು. ಎಡಗಣ್ಣಿಗೆ ೧೯೪೩ರಲ್ಲಿ ಪೊರೆ ಬಂತು, ಶಸ್ತ್ರ ಮಾಡಿದರೆ ಉರಿ ಕೆರಳೀತೆಂದು ಡಾಕ್ಟರು ಮುಟ್ಟಲಿಲ್ಲ. ಕಿವಿಯ ಸದ್ದು ಹೋಯಿತು. ರೆಪ್ಪೆಗಳು ಬೆಳ್ಳಗೇ ಉಳಿದವು.

೧೯೪೬ರ ಮಾರ್ಚಿನಲ್ಲಿ ಮಳಗಿ ಊರಿನವರು ತಮ್ಮ ಕುಸ್ತಿಗೆ ಪಂಚನಾಗಿ ಬರಬೇಕೆಂದು ಮಾವನಿಗೆ ಹೇಳಿ ಕಳಿಸಿದರು. ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಹೋದ. ಮಧ್ಯಾಹ್ನದ ಜೋಡಿಗಳ ತೀರ್ಪು ಕೊಟ್ಟ. ಯಾರೂ ತಕರಾರು ಮಾಡಲಿಲ್ಲ. ಕೊನೆಯ ಜೋಡಿ ಕಣಕ್ಕಿಳಿಯುವಾಗ ಹೊತ್ತು ಇಳಿದಿತ್ತು. ಇನ್ನು ನನಗೆ ಕಾಣುವುದಿಲ್ಲ ಎಂದು ಜನರಿಗೆ ಹೇಳಿ, ಕುರ್ಚಿಯಿಂದ ಎದ್ದು, ಪಕ್ಕದಲ್ಲಿದ್ದವರಿಗೆ ಅದನ್ನು ಬಿಟ್ಟುಕೊಟ್ಟ.